ಸಿಸ್ಸಿಗೆ ಒಬ್ಳು ಅಕ್ಕ ಇದ್ಲು

ಎಲ್ರಿಗೂ ನಮಸ್ಕಾರ. ಇವತ್ತು ಫ್ರಿಟ್ಜ್ ಕ್ರೈಸ್ಲರ್ ಅವ್ರ 'ಸಿಸ್ಸಿ' ಆಪರೆಟ್ಟಾ, ಅಂದ್ರೆ ಹಾಡು-ಮಾತು ಬೆರೆತ ಲಘು ಸಂಗೀತ ನಾಟಕದ ಬಗ್ಗೆ ಮಾತಾಡ್ಲೇಬೇಕು, ಯಾಕಂದ್ರೆ ಇದನ್ನ ಬರೀ ಸಕ್ಕರೆ ಪಾಕ ಅಂತ ತಳ್ಳಿಹಾಕೋರನ್ನ ಕಂಡ್ರೆ ನಂಗೆ ನಿಜಕ್ಕೂ ಬೇಜಾರಾಗುತ್ತೆ.

ಮೊದ್ಲು ಅಸಲಿ ಕಥೆ ಕೇಳಿ. 1853ರ ಆಗಸ್ಟ್, ಆಸ್ಟ್ರಿಯಾದ ಬಾಡ್ ಇಶ್ಲ್ ಊರು. ಚಕ್ರವರ್ತಿ ಫ್ರಾನ್ಸ್ ಜೋಸೆಫ್‌ಗೆ ಇನ್ನೇನು 23 ತುಂಬ್ಬೇಕು, ತಾಯಿ ಸೋಫಿ ತನ್ನ ತಂಗಿಯ ದೊಡ್ಡ ಮಗಳು ಹೆಲೆನ್‌ನ ಸೊಸೆ ಮಾಡ್ಕೋಬೇಕು ಅಂತ ಹೆಣ್ಣು ನೋಡೋಕೆ ಕರೆಸಿದ್ಲು. ಜೊತೆಗೆ ಬಂದಿದ್ದು 15 ವರ್ಷದ ಎಲಿಸಬೆತ್, ಅವಳೇ ಸಿಸ್ಸಿ. ಸಂಬಂಧಿಕರೊಬ್ರು ತೀರಿಹೋಗಿದ್ರಿಂದ ಎಲ್ರೂ ಕಪ್ಪು ಬಟ್ಟೆಲಿದ್ರು, ಬೇರೆ ಬಟ್ಟೆ ಇದ್ದ ಪೆಟ್ಟಿಗೆಗಳು ಟೈಮಿಗೆ ಬರ್ಲೇ ಇಲ್ಲ, ಆ ಕಪ್ಪು ಅಕ್ಕನಿಗೆ ಒಪ್ಪಲಿಲ್ಲ, ತಂಗಿಗೆ ಚೆನ್ನಾಗಿ ಒಪ್ತು. ಮಾರನೇ ದಿನ ಡ್ಯಾನ್ಸ್‌ನಲ್ಲಿ ಅವನು ಹೂಗುಚ್ಛ ಕೊಟ್ಟಿದ್ದು ತಂಗಿಗೆ. ಅಲ್ಲಿದ್ದೋರಿಗೆಲ್ಲ ಅರ್ಥ ಆಯ್ತು, ಹೆಲೆನ್‌ಗೂ.

ಈ ಪ್ರೇಮಕಥೆನೇ 1932ರ ಡಿಸೆಂಬರ್‌ನಲ್ಲಿ ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ ಸ್ಟೇಜಿಗೆ ಬಂತು, ಸಿಸ್ಸಿ ಪಾತ್ರದಲ್ಲಿ ಪೌಲಾ ವೆಸ್ಸೆಲಿ. ಕ್ರೈಸ್ಲರ್ ಜಗತ್ಪ್ರಸಿದ್ಧ ವಯಲಿನ್ ವಾದಕ, ತನ್ನದೇ ಹಳೇ ಟ್ಯೂನ್‌ಗಳನ್ನೂ ಇದಕ್ಕೆ ತಂದ. ಸಾಮ್ರಾಜ್ಯ ಮುಳುಗಿ 14 ವರ್ಷ ಆಗಿತ್ತು, ಆದ್ರೂ ನೋಡೋಕೆ ಬಂದೋರಲ್ಲಿ ಎಷ್ಟೋ ಜನ ಅದೇ ಚಕ್ರವರ್ತಿಯ ಪ್ರಜೆಗಳಾಗಿ ಬೆಳೆದೋರು. ಅವನ ಮಗ ರುಡಾಲ್ಫ್ 1889ರಲ್ಲಿ ಮಾಯರ್ಲಿಂಗ್‌ನಲ್ಲಿ ಪ್ರಾಣ ಕಳ್ಕೊಂಡಿದ್ದು, 1898ರಲ್ಲಿ ಜಿನೀವಾದಲ್ಲಿ ಎಲಿಸಬೆತ್‌ನ ಇರಿದು ಕೊಂದಿದ್ದು, ಎಲ್ಲಾ ಅವ್ರಿಗೆ ಗೊತ್ತು. ಅಂಥೋರ ಮುಂದೆ ಕಥೆನ ಮದುವೆ ನಿಶ್ಚಯಕ್ಕೇ ನಿಲ್ಸಿದ್ರೆ ಅದು ಮೋಸ ಹೇಗಾಗುತ್ತೆ? ಮುಂದಿಂದೆಲ್ಲ ಜನರ ತಲೇಲೇ ಇತ್ತಲ್ವಾ, ಅದಕ್ಕೇ ಆ ಖುಷಿ ಕರುಳು ಹಿಂಡೋದು.

ನನ್ನ ತಕರಾರು ಒಂದೇ, ಅದು ಹೆಲೆನ್ ವಿಷಯ. 1858ರಲ್ಲಿ ಅವಳು ಥುರ್ನ್ ಉಂಡ್ ಟಾಕ್ಸಿಸ್ ಮನೆತನಕ್ಕೆ ಸೊಸೆಯಾಗಿ ಹೋದ್ಲು, 1867ರಲ್ಲಿ ಗಂಡ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆತನದ ವ್ಯವಹಾರನ ತಾನೇ ನಿಭಾಯಿಸಿದ್ಲು. ಈ ನಾಟಕ ಆಡಿಸೋರಿಗೆ ನಾನು ಹೇಳೋದಿಷ್ಟೇ: ಅಂಥ ಹೆಣ್ಣನ್ನ ತಂಗಿ ದಾರಿಗೆ ಅಡ್ಡ ಇರೋ ಪೆದ್ದಿ ಥರ ತೋರಿಸ್ಬೇಡಿ. ಸುಖಾಂತ್ಯ ಹಾಗೇ ಇರ್ಲಿ, ಒಂದು ಹಾಡೂ ಕತ್ತರಿಸ್ಬೇಡಿ, ಆದ್ರೆ ಅಕ್ಕನ ಪಾತ್ರಕ್ಕೆ ಸಿಸ್ಸಿ ಆಡೋ ಹುಡುಗಿಯಷ್ಟೇ ಒಳ್ಳೇ ನಟಿನ ಹಾಕಿ.