ಭಾನುವಾರ ಬಿಟ್ಟು ಉಳಿದ ದಿನ ಚರ್ಚ್ ನಡೆಸುವವರು

ನಮಸ್ಕಾರ ಎಲ್ಲರಿಗೂ. ಇವತ್ತು ನಿಮ್ಮನ್ನು ನಮ್ಮೂರಿನ ಎಪಿಸ್ಕೋಪಲ್ ಚರ್ಚಿಗೆ ಕರೆದುಕೊಂಡು ಬಂದಿದ್ದೇನೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಸಣ್ಣ ಊರು ಇದು. ಒಂದೇ ಮೇನ್ ರೋಡು, ಒಂದು ಲೈಬ್ರರಿ, ಒಂದು ಪೋಸ್ಟಾಫೀಸು, ಅದರ ಪಕ್ಕಕ್ಕೆ ಈ ಕಲ್ಲಿನ ಚರ್ಚು. ಇವತ್ತು ಗುರುವಾರ. ಬೇಕಂತಲೇ ಗುರುವಾರ ಬಂದೆ. ಭಾನುವಾರದ ಆರಾಧನೆ ಆನ್‌ಲೈನಲ್ಲಿ ಎಲ್ಲಿ ಬೇಕಾದರೂ ನೋಡಲು ಸಿಗುತ್ತದೆ. ಆ ಒಂದು ಗಂಟೆಗೋಸ್ಕರ ವಾರವೆಲ್ಲ ದುಡಿಯುವವರು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಬಗ್ಗೆ ಹೇಳಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ. ಹೆಸರು, ಮುಖ ಬೇಡ ಅಂದಿದ್ದಾರೆ. ಕೈ ತೋರಿಸಬಹುದು ಅಂದರು. ಹಾಗಾಗಿ ಈ ವಿಡಿಯೋದಲ್ಲಿ ನೀವು ನೋಡುವುದು ಬರೀ ಕೈಗಳು.

ನಾನು ಧಾರವಾಡದಲ್ಲಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯಲ್ಲಿ ಬೆಳೆದವಳು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯವರು), ಮೆಥಡಿಸ್ಟ್ ಮತ್ತು ಬೇರೆ ಪ್ರೊಟೆಸ್ಟೆಂಟ್ ಸಭೆಗಳು ಒಟ್ಟು ಸೇರಿ ಹುಟ್ಟಿದ ಚರ್ಚು ನಮ್ಮದು. ಎಪಿಸ್ಕೋಪಲ್ ಚರ್ಚು ಅಮೆರಿಕದ ಆಂಗ್ಲಿಕನ್ ಕವಲು. ಎರಡೂ ಚರ್ಚುಗಳು ಈಗ ಒಂದೇ ಬಳಗಕ್ಕೆ ಸೇರಿವೆ. ಹಾಗಾಗಿ ಇಲ್ಲಿಗೆ ಬಂದಾಗ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಗೆ, ಮುಂದೆ ಹೋಗಿ ಕೈ ಚಾಚಲು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಆದರೆ ಒಂದು ವಿಷಯ ಮಾತ್ರ ನನಗೆ ಪೂರ್ತಿ ಹೊಸದು. ನಮ್ಮ ಕಡೆ ಸಭಾಪಾಲಕರನ್ನು ಕಳಿಸುವುದು ಡಯಾಸಿಸ್, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರಾಂತ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಪಟ್ಟಿ ಬರುತ್ತದೆ. ಅಯ್ಯೋ, ಇವರು ಹೊರಟರಾ ಅಂತ ಜನ ಪೇಚಾಡಿಕೊಳ್ಳುತ್ತಾರೆ, ಹೊಸಬರನ್ನು ಹಾರ ಹಾಕಿ ಬರಮಾಡಿಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಊರಿನ ಸಭೆಯೇ ಹುಡುಕುತ್ತದೆ. ವಾರ್ಷಿಕ ಮೀಟಿಂಗಿನಲ್ಲಿ ಓಟು ಹಾಕಿ ಆರಿಸಿದ ಒಂದು ಸಮಿತಿ ಇರುತ್ತದೆ, ವೆಸ್ಟ್ರಿ ಅಂತಾರೆ. ಹುಡುಕಾಟ ಎಲ್ಲ ಮುಗಿದು, ಬಿಷಪ್ಪರ ಒಪ್ಪಿಗೆ ಸಿಕ್ಕ ಮೇಲೆ, ಒಬ್ಬರನ್ನು ರೆಕ್ಟರ್ (ಸಭೆಯ ಮುಖ್ಯ ಪಾದ್ರಿ) ಆಗಿ ಕರೆಯುವುದು ಆ ವೆಸ್ಟ್ರಿಯೇ. ಕರೆದಾದ ಮೇಲೆ ರೆಕ್ಟರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಸುಮ್ನೆ ತೆಗೆದುಹಾಕಲು ಬರುವುದಿಲ್ಲ. ರೆಕ್ಟರ್ ಕೂಡ ವೆಸ್ಟ್ರಿ ಒಪ್ಪದೆ ರಾಜೀನಾಮೆ ಕೊಟ್ಟು ಹೋಗುವ ಹಾಗಿಲ್ಲ. ಚರ್ಚಿನ ಕಾನೂನಿನಲ್ಲೇ ಹೀಗಿದೆ. ಮದುವೆಯ ಹಾಗೆ ಅಲ್ವಾ?

ನಮ್ಮ ರೆಕ್ಟರ್ ಹೆಂಗಸು. ಈಗ ಇದು ಇಲ್ಲಿ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಆದರೆ 1974ರಲ್ಲಿ ಫಿಲಡೆಲ್ಫಿಯಾದಲ್ಲಿ 11 ಮಹಿಳೆಯರು ಅನುಮತಿಗೆ ಕಾಯದೆ ಗುರುದೀಕ್ಷೆ ಪಡೆದು ಪಾದ್ರಿಗಳಾದಾಗ ದೊಡ್ಡ ಗಲಾಟೆಯೇ ಆಗಿತ್ತು. ಎರಡು ವರ್ಷದ ನಂತರ, 1976ರಲ್ಲಿ, ಇಡೀ ಚರ್ಚು ಅದಕ್ಕೆ ಒಪ್ಪಿತು. ನಮ್ಮ ಸಿಎಸ್‌ಐನಲ್ಲೂ 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮೊದಲ ಮಹಿಳಾ ಬಿಷಪ್ ಬಂದರು. ಆ ಸುದ್ದಿ ಓದಿ ಅಮ್ಮ ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ರೆಕ್ಟರ್ ಇವತ್ತು ಇಲ್ಲಿಲ್ಲ. ಆಸ್ಪತ್ರೆಗೆ ಹೋಗಿದ್ದಾರೆ, ಸಭೆಯ ಒಬ್ಬ ಅಜ್ಜನನ್ನು ನೋಡಲು. ಬನ್ನಿ, ಆಫೀಸಿಗೆ ಹೋಗೋಣ.

ಈ ಕೈಗಳು ಆಫೀಸು ನೋಡಿಕೊಳ್ಳುವವರದು. ಗುರುವಾರ ಬುಲೆಟಿನ್ ಪ್ರಿಂಟ್ ಆಗುವ ದಿನ. ಭಾನುವಾರ ಯಾವ ಹಾಡು, ಯಾವ ಪಾಠ, ಯಾರು ಓದುತ್ತಾರೆ, ಯಾರಿಗೋಸ್ಕರ ಪ್ರಾರ್ಥನೆ, ಎಲ್ಲ ಅದರಲ್ಲಿ ಇರಬೇಕು. ಬೈಬಲ್ ಪಾಠಗಳ ಪಟ್ಟಿ ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತದೆ. ಅದು ಸುಲಭ. ಕಷ್ಟ ಇರುವುದು ಹೆಸರುಗಳಲ್ಲಿ. ಕಾಯಿಲೆಯವರ ಪಟ್ಟಿಯಿಂದ ಒಂದು ಹೆಸರನ್ನು ಯಾವಾಗ ತೆಗೆಯಬೇಕು? ತೀರಿಕೊಂಡವರ ಪಟ್ಟಿಗೆ ಸೇರಿಸುವ ಮೊದಲು ಮನೆಯವರಿಗೆಲ್ಲ ಸುದ್ದಿ ಮುಟ್ಟಿದೆಯಾ? ಇವರು ಒಂದೊಂದು ಹೆಸರಿಗೂ ಫೋನ್ ಮಾಡುತ್ತಾರೆ. ನಾನು ಕೂತಿದ್ದಾಗಲೇ ಟೆಕ್ಸಸ್‌ನಿಂದ ಒಂದು ಕರೆ ಬಂತು. ಮುತ್ತಜ್ಜನ ದೀಕ್ಷಾಸ್ನಾನ ಇಲ್ಲೇ ಆಗಿತ್ತಂತೆ, ದಾಖಲೆ ಇದೆಯಾ ಅಂತ. ಇವರು ಎದ್ದು ಕಬ್ಬಿಣದ ಬೀರು ತೆಗೆದು, ಚರ್ಮದ ರಟ್ಟಿನ ದಪ್ಪ ರಿಜಿಸ್ಟರ್ ಹೊರಗೆ ತಂದರು. ದೀಕ್ಷಾಸ್ನಾನ, ಮದುವೆ, ಸಮಾಧಿ, ಎಲ್ಲ ಇದರಲ್ಲೇ. ಹಳೇ ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಬೆರಳು ತಾಗಿಸದೆ ಒಂದು ಸ್ಕೇಲ್ ಇಟ್ಟು ಸಾಲು ಸಾಲಾಗಿ ಹುಡುಕಿದರು. ಸಿಕ್ಕಿತು. ಆಚೆ ಕಡೆಯವರು ಫೋನಿನಲ್ಲೇ ಅತ್ತರು.

ಈಗ ನಿಮಗೆ ಕಾಣುತ್ತಿರುವುದು ಸ್ಯಾಕ್ರಿಸ್ಟಿ, ಆಲ್ಟರ್ (ಕರ್ತನ ಭೋಜನದ ಮೇಜು) ಪಕ್ಕದ ಚಿಕ್ಕ ಕೋಣೆ. ಇದು ಆಲ್ಟರ್ ಗಿಲ್ಡಿನವರ, ಅಂದರೆ ಆಲ್ಟರ್‌ನ ಬಟ್ಟೆ, ಬಟ್ಟಲು ನೋಡಿಕೊಳ್ಳುವ ಗುಂಪಿನವರ ಜಾಗ. ಒಬ್ಬರಿಗೂ ಸಂಬಳ ಇಲ್ಲ. ಹೆಚ್ಚಿನವರು ರಿಟೈರ್ ಆದ ಹೆಂಗಸರು, ಈಚೆಗೆ ಒಬ್ಬ ಹುಡುಗನೂ ಸೇರಿದ್ದಾನೆ. ಈ ಬಿಳಿ ಬಟ್ಟೆ ನೋಡಿ. ದ್ರಾಕ್ಷಾರಸ ಇಲ್ಲಿ ಒಂದೇ ಬಟ್ಟಲಿನಿಂದ ಎಲ್ಲರಿಗೂ. ಒಬ್ಬರು ಕುಡಿದ ಮೇಲೆ ಬಟ್ಟಲಿನ ಅಂಚನ್ನು ಇದರಿಂದ ಒರೆಸುತ್ತಾರೆ. ಹಾಗಾಗಿ ಕೆಂಪು ಕಲೆ, ಲಿಪ್‌ಸ್ಟಿಕ್ ಕಲೆ ತಪ್ಪಿದ್ದಲ್ಲ. ಇದನ್ನು ಮೊದಲು ತೊಳೆಯುವುದು ಆ ಮೂಲೆಯ ಸಿಂಕಿನಲ್ಲಿ. ಅದರ ಪೈಪು ಚರಂಡಿಗೆ ಹೋಗುವುದಿಲ್ಲ, ನೇರ ಮಣ್ಣಿಗೆ ಇಳಿಯುತ್ತದೆ. ಪವಿತ್ರವಾದದ್ದು ಕೊಳಚೆಗೆ ಸೇರಬಾರದು ಅಂತ. ಆಮೇಲೆ ಮಾಮೂಲಿ ಒಗೆತ, ಇಸ್ತ್ರಿ. ಇನ್ನೊಂದು ಚೌಕದ ಬಟ್ಟೆ ಇದೆ, ಬಟ್ಟಲಿನ ಕೆಳಗೆ ಹಾಸುವುದು. ಅದನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಚುತ್ತಾರೆ, ಯಾವಾಗಲೂ ಒಳಮುಖವಾಗಿ. ರೊಟ್ಟಿಯ ಒಂದು ಚೂರು ಉಳಿದಿದ್ದರೂ ಕೆಳಗೆ ಬೀಳಬಾರದು. ಎಂಬತ್ತು ದಾಟಿದ ಈ ಕೈ ಸ್ವಲ್ಪ ನಡುಗುತ್ತದೆ, ಆದರೆ ಮಡಿಕೆ ಮಾತ್ರ ಒಂದು ಎಳೆಯಷ್ಟೂ ಆಚೀಚೆ ಆಗುವುದಿಲ್ಲ. ಯಾರೂ ನೋಡದ ಕೋಣೆಯಲ್ಲಿ ಇಷ್ಟು ಶ್ರದ್ಧೆ. ನನಗೆ ಇದೇ ಒಂದು ಆರಾಧನೆ ಅನ್ನಿಸುತ್ತದೆ.

ಕೆಳಗೆ ನೆಲಮಾಳಿಗೆಯಲ್ಲಿ ಬಾಯ್ಲರ್. ಅದರ ಜೊತೆ ಮಾತಾಡುತ್ತಾ ನಿಂತಿರುವವರು ಸೆಕ್ಸ್‌ಟನ್, ಅಂದರೆ ಕಟ್ಟಡ ನೋಡಿಕೊಳ್ಳುವವರು. ಹಿಮ ಬಿದ್ದ ದಿನ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲಿನ ಹಿಮ ಗೋರಿ, ಉಪ್ಪು ಹಾಕುವುದು ಇವರೇ. ವಯಸ್ಸಾದವರೇ ಜಾಸ್ತಿ ಬರುವ ಚರ್ಚಿನಲ್ಲಿ ಆ ಉಪ್ಪು ಸಣ್ಣ ವಿಷಯ ಅಲ್ಲ.

ಡೀಕನ್ ಬಗ್ಗೆ ಹೇಳಲೇಬೇಕು. ಇವರೂ ದೀಕ್ಷೆ ಪಡೆದವರೇ. ಭಾನುವಾರ ಎಡ ಭುಜದ ಮೇಲಿಂದ ಅಡ್ಡಡ್ಡ ಪಟ್ಟಿ ಹಾಕಿಕೊಂಡು ಸುವಾರ್ತೆ ಓದುತ್ತಾರೆ, ಕೊನೆಗೆ ಜನರನ್ನು ಬಾಗಿಲಿನಾಚೆ ಲೋಕಕ್ಕೆ ಕಳಿಸುವ ಮಾತು ಇವರದೇ. ಎಪಿಸ್ಕೋಪಲ್ ಚರ್ಚಿನಲ್ಲಿ ಹೆಚ್ಚಿನ ಡೀಕನ್‌ಗಳಿಗೆ ಸಂಬಳ ಇಲ್ಲ. ನಮ್ಮ ಡೀಕನ್ ವಾರವೆಲ್ಲ ನರ್ಸ್ ಕೆಲಸ ಮಾಡುತ್ತಾರೆ. ಊರಿನಲ್ಲಿ ಯಾರ ಮನೆಯಲ್ಲಿ ಹೀಟರ್‌ಗೆ ಎಣ್ಣೆ ಇಲ್ಲ, ಯಾರು ಕಾರಿನಲ್ಲಿ ಮಲಗುತ್ತಿದ್ದಾರೆ, ಇವರಿಗೆ ಗೊತ್ತು. ಇವರು ರೆಕ್ಟರ್‌ಗೆ ಹೇಳುತ್ತಾರೆ. ರೆಕ್ಟರ್ ಕೈಯಲ್ಲಿ ಬಡವರಿಗೆಂದೇ ಒಂದು ನಿಧಿ ಇರುತ್ತದೆ. ತಿಂಗಳಲ್ಲಿ ಒಂದು ಭಾನುವಾರ ತಟ್ಟೆಗೆ ಬಿದ್ದ ಬಿಡಿ ಕಾಣಿಕೆ ಆ ನಿಧಿಗೆ ಹೋಗಬೇಕು ಅಂತ ಚರ್ಚಿನ ನಿಯಮವೇ ಇದೆ. ಯಾರಿಗೆ ಎಷ್ಟು ಕೊಟ್ಟರು ಅನ್ನುವುದು ಊರಿಗೆ ತಿಳಿಯುವುದಿಲ್ಲ. ತಿಳಿಯಲೂಬಾರದು.

ಇಂಥ ಕೆಲಸ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಒರೆಗಾನ್ ರಾಜ್ಯದ ಬ್ರೂಕಿಂಗ್ಸ್ ನೋಡಿ. ಸಮುದ್ರ ದಂಡೆಯ ಸಣ್ಣ ಊರು, ಕ್ಯಾಲಿಫೋರ್ನಿಯಾ ಗಡಿಯ ಹತ್ತಿರ. ಅಲ್ಲಿನ ಸೇಂಟ್ ತಿಮೊಥಿ ಎಪಿಸ್ಕೋಪಲ್ ಚರ್ಚು ಮೊದಲಿನಿಂದಲೂ ಹಸಿದವರಿಗೆ ಊಟ ಹಾಕುತ್ತಿತ್ತು. ಕೋವಿಡ್ ಬಂದು ಊರಿನ ಬೇರೆ ಚರ್ಚುಗಳು ಊಟ ನಿಲ್ಲಿಸಿದಾಗ, ಇವರು ದಿನಗಳನ್ನು ಹೆಚ್ಚಿಸಿದರು. ಅಕ್ಕಪಕ್ಕದವರಿಂದ ದೂರು ಹೋಯಿತು. 2021ರ ಅಕ್ಟೋಬರಿನಲ್ಲಿ ನಗರಸಭೆ ಒಂದು ನಿಯಮ ತಂದಿತು: ಮನೆಗಳಿರುವ ಬಡಾವಣೆಯಲ್ಲಿ ಪರ್ಮಿಟ್ ಪಡೆದು ವಾರಕ್ಕೆ ಎರಡೇ ದಿನ ಪುಕ್ಕಟೆ ಊಟ. 2022ರ ಜನವರಿಯಲ್ಲಿ ಚರ್ಚು ಮತ್ತು ಒರೆಗಾನ್ ಡಯಾಸಿಸ್ ಕೋರ್ಟಿಗೆ ಹೋದವು. 2024ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಧೀಶರು ಚರ್ಚಿನ ಪರ ತೀರ್ಪು ಕೊಟ್ಟರು. ಹಸಿದವರಿಗೆ ಬಡಿಸುವುದು ಆ ಸಭೆಯ ಧರ್ಮಾಚರಣೆಯ ಭಾಗ, ಅದಕ್ಕೆ ಅಡ್ಡ ಬರಬಾರದು ಅನ್ನುವುದು ವಾದದ ತಿರುಳು. ದೇಶವೆಲ್ಲ ಈ ಸುದ್ದಿ ಓದಿತು. ನಾನು ಓದುವಾಗ ಯೋಚಿಸಿದ್ದು ಮಾತ್ರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದವರ ಬಗ್ಗೆ.

ಇನ್ನು ದುಡ್ಡಿನ ವಿಷಯ. ಪಾದ್ರಿಗಳ ವೃದ್ಧಾಪ್ಯಕ್ಕೆ ಈ ಚರ್ಚು ಒಳ್ಳೆ ವ್ಯವಸ್ಥೆ ಮಾಡಿದೆ. 1917ರಲ್ಲಿ ಶುರುವಾದ ಪಿಂಚಣಿ ನಿಧಿ ಇದೆ. ಪಾದ್ರಿಯ ಸಂಬಳ, ಮನೆ ಎಲ್ಲ ಲೆಕ್ಕ ಹಾಕಿ ಅದರ ಶೇಕಡಾ 18ರಷ್ಟನ್ನು ಸಭೆ ಆ ನಿಧಿಗೆ ಕಟ್ಟುತ್ತದೆ. ಆಫೀಸಿನವರು, ಸೆಕ್ಸ್‌ಟನ್, ಆರ್ಗನ್ ನುಡಿಸುವವರಿಗೆ? ಅವರಿಗೂ ಪಿಂಚಣಿ ಕೊಡಲೇಬೇಕು ಅಂತ 2009ರಲ್ಲಿ ತೀರ್ಮಾನ ಆಯಿತು. ಆದರೆ ವರ್ಷಕ್ಕೆ 1,000 ಗಂಟೆ ಕೆಲಸ ಇರಬೇಕು. ಸಣ್ಣ ಊರಿನ ಸಭೆಯಲ್ಲಿ ಅಷ್ಟು ಗಂಟೆ ಯಾರಿಗೆ ಸಿಗುತ್ತದೆ ಹೇಳಿ? ನಮ್ಮ ಆಫೀಸಿನವರಿಗೆ ವಾರಕ್ಕೆ 15 ಗಂಟೆ, ಅಂದರೆ ವರ್ಷಕ್ಕೆ 780. ಕಾಗದದ ಮೇಲೆ 15, ಆ ಫೋನುಗಳನ್ನೆಲ್ಲ ಸೇರಿಸಿದರೆ ಎಷ್ಟೋ ಜಾಸ್ತಿ.

ನೀವು ಈಗಷ್ಟೇ ನೋಡಿದಿರಲ್ಲ, ಸ್ಕೇಲ್ ಹಿಡಿದು ರಿಜಿಸ್ಟರ್ ಹುಡುಕಿದ ಕೈಗಳು, ಅವರು ಬರುವ ಬೇಸಿಗೆಗೆ ನಿವೃತ್ತಿ ಆಗುತ್ತಿದ್ದಾರೆ. ಅವರ ಜಾಗಕ್ಕೆ ಜಾಹೀರಾತು ಕೊಡಬೇಕು. 15 ಗಂಟೆಯೋ 20 ಗಂಟೆಯೋ ಅಂತ ಚರ್ಚೆ ನಡೆದಿದೆ. ವಾರಕ್ಕೆ 20 ಆದರೆ ವರ್ಷಕ್ಕೆ 1,040, ಪಿಂಚಣಿ ಸಿಗುತ್ತದೆ. ಖರ್ಚು ಹೆಚ್ಚುತ್ತದೆ, ಬಜೆಟ್ಟಿನಲ್ಲಿ ಜಾಗ ಇಲ್ಲ ಅನ್ನುವವರೂ ಇದ್ದಾರೆ. ಅವರೇನೂ ಕೆಟ್ಟವರಲ್ಲ, ಬಾಯ್ಲರ್ ಬಿಲ್ಲು ನೋಡಿದವರು. ಆದರೂ ಸಭೆಯ ವಾರ್ಷಿಕ ಮೀಟಿಂಗಿನಲ್ಲಿ ನಾನು ಎದ್ದು ನಿಂತು 20 ಗಂಟೆಗೇ ಮಾತಾಡುತ್ತೇನೆ. ಏನಾಯಿತು ಅಂತ ಆ ವಾರದ ವಿಡಿಯೋದಲ್ಲಿ ಹೇಳುತ್ತೇನೆ.