ಸ್ಕ್ಯಾನ್ ಕೇಳೋ ಮೊದಲು ಬ್ಯಾಗಿನಲ್ಲಿ ಏನಿದೆ ನೋಡ್ಕೊಳ್ಳಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಮಾತು ತಡವಾದ, ಒಂದು ಕಡೆ ಕೂರದ ಮಗು ಕರ್ಕೊಂಡು ಹೋಗೋರಲ್ಲಿ ಎಷ್ಟೋ ಜನರಿಗೆ ಒಂದು ನಂಬಿಕೆ: ದೊಡ್ಡಾಸ್ಪತ್ರೆ, ತಲೆಗೆ ಸ್ಕ್ಯಾನ್ ಮಾಡ್ತಾರೆ, ಏನು ಅಂತ ಗೊತ್ತಾಗುತ್ತೆ. ಗೊತ್ತಾಗಲ್ಲ. ಆಟಿಸಂ (ಬೆರೆಯೋದು, ಮಾತುಕತೆ ಕಷ್ಟವಾಗೋ ಬೆಳವಣಿಗೆಯ ತೊಂದರೆ) ಆಗಲಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಆಗಲಿ ಎಂಆರ್‌ಐ ಸ್ಕ್ಯಾನಲ್ಲಿ ಕಾಣಲ್ಲ, ರಕ್ತದಲ್ಲೂ ಸಿಗಲ್ಲ. ಫಿಟ್ಸ್ ಅನುಮಾನ ಇದ್ರೆ ಮಿದುಳಿನ ವಿದ್ಯುತ್ ಅಲೆ ನೋಡೋ ಇಇಜಿ ಮಾಡಿಸ್ತಾರೆ, ಅದು ಬೇರೆ ಮಾತು. ಡಾಕ್ಟರ್ ಮಗುವನ್ನ ನೋಡಿ, ನಿಮ್ಮನ್ನ ಕೇಳಿ ತೀರ್ಮಾನ ಮಾಡ್ತಾರೆ. ನೀವು ಬರಿಗೈಲಿ ಹೋದ್ರೆ ಅವರ ಕೈಯೂ ಖಾಲಿ.

ಹಾಗಾಗಿ ತಾಯಿ ಕಾರ್ಡ್ ತಗೊಳ್ಳಿ. ಹುಟ್ಟಿದ ತೂಕ, ಎಷ್ಟು ತಿಂಗಳಿಗೆ ಹೆರಿಗೆ, ಹುಟ್ಟಿದ ತಕ್ಷಣ ಅತ್ತಿತಾ ಇಲ್ವಾ, ಇದೆಲ್ಲ ಕೇಳ್ತಾರೆ. ಮೊಬೈಲಲ್ಲಿ ಎರಡೆರಡು ನಿಮಿಷದ ವಿಡಿಯೋ ಮಾಡ್ಕೊಳ್ಳಿ: ಒಬ್ಬನೇ ಆಡುವಾಗ, ಊಟ ಮಾಡುವಾಗ, ಹಿಂದಿನಿಂದ ಹೆಸರು ಕರೆದಾಗ. ಆಸ್ಪತ್ರೆಯ ಹೊಸ ಜಾಗದಲ್ಲಿ ಮಗು ಮನೇಲಿದ್ದಂಗೆ ಇರಲ್ಲ.

ಮಾತು ತಡ ಆಗಿದ್ರೆ ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ. "ಬಿಸ್ಕೆಟ್ ಪೊಟ್ಟಣದ ಸದ್ದಿಗೆ ತಿರುಗ್ತಾನಲ್ಲ, ಕಿವಿ ಚೆನ್ನಾಗಿದೆ" ಅಂತೀರಿ. ಕೆಲವು ಸ್ವರ ಕೇಳಿ ಕೆಲವು ಕೇಳದ ಮಕ್ಕಳೂ ಇದ್ದಾರೆ. ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತೆ ಅಂತ ಯಂತ್ರದಲ್ಲಿ ನೋಡೋ ಬೆರಾ ಪರೀಕ್ಷೆ ಮಾಡಿಸಿ. ಹಾಸನದಿಂದ ಮೈಸೂರಿನ ಆಯಿಷ್ (ವಾಕ್ ಶ್ರವಣ ಸಂಸ್ಥೆ) ದೂರ ಇಲ್ಲ. "ಅವನಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ಮೂರು ವರ್ಷ ಕಾಯೋದನ್ನ ನಾನು ಒಪ್ಪಲ್ಲ.

ಎಡಿಎಚ್‌ಡಿಗೆ ಮೇಷ್ಟ್ರ ಪತ್ರ ಬೇಕೇ ಬೇಕು. ಲಕ್ಷಣ 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು, 6 ತಿಂಗಳಾದ್ರೂ ಇರಬೇಕು, ಮನೆ ಶಾಲೆ ಎರಡೂ ಕಡೆ ಕಾಣಬೇಕು. ಲೆಕ್ಕದ ಪೀರಿಯಡ್‌ನಲ್ಲಿ ಮಾತ್ರ ಕೂರಲ್ಲ ಅಂದ್ರೆ ಕಲಿಕೆಯ ತೊಂದರೆ ಇರಬಹುದು, ಬೋರ್ಡ್ ಕಾಣ್ತಿಲ್ಲದೇ ಇರಬಹುದು.

ಕಾರಣ? ಎರಡರಲ್ಲೂ ವಂಶದ ಪಾಲು ದೊಡ್ಡದು. ತಾಯಿ ಸರಿಯಾಗಿ ನೋಡ್ಕೊಳ್ಳಲಿಲ್ಲ ಅನ್ನೋ ಅತ್ತೆಮನೆ ಮಾತಿಗೆ ಆಧಾರ ಇಲ್ಲ. ಲಸಿಕೆಯಿಂದ ಆಟಿಸಂ ಬರುತ್ತೇನೋ ಅಂತ ಅನುಮಾನ ಹುಟ್ಟಿಸಿದ 1998ರ ಲೇಖನವನ್ನ, ಅದನ್ನ ಅಚ್ಚು ಹಾಕಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂಪಡೆದಿದೆ.

ಆಟಿಸಂ ವಾಸಿ ಮಾಡೋ ಮಾತ್ರೆ ಇಲ್ಲ. ಸ್ಟೆಮ್ ಸೆಲ್ ಚಿಕಿತ್ಸೆ ಹೆಸರಲ್ಲಿ ಲಕ್ಷಗಟ್ಟಲೆ ಕೇಳಿದ್ರೆ ಎದ್ದು ಬನ್ನಿ. ತಿಂಗಳಿಗೊಮ್ಮೆ ಥೆರಪಿಗೆ ಹೋಗಿ ಬಂದ್ರೆ ಸಾಲದು, ಕೆಲಸ ನಡೆಯೋದು ಮನೇಲಿ. ಬಾಳೆಹಣ್ಣು ಕಾಣೋ ಹಾಗೆ ಹಿಡ್ಕೊಳ್ಳಿ, ಸುಮ್ಮನೆ ಐದು ಸೆಕೆಂಡ್ ಕಾಯಿರಿ. ಕೈ ತೋರಿಸಲಿ, "ಬಾ" ಅನ್ನಲಿ, ನಿಮ್ಮ ಮುಖ ನೋಡಲಿ, ಏನು ಮಾಡಿದ್ರೂ "ಬಾಳೆಹಣ್ಣು" ಅಂತ ಹೇಳಿ ತಕ್ಷಣ ಕೊಡಿ. ಇದು ಕೆಡೋದು ಒಂದೇ ಕಡೆ: ಮಗು ಕೇಳೋ ಮೊದಲೇ ಅಜ್ಜಿ ಸುಲಿದು ಬಾಯಿಗಿಡ್ತಾರೆ. ಅಜ್ಜೀನ ಒಂದು ಸಲ ಥೆರಪಿಸ್ಟ್ ಹತ್ರ ಕರ್ಕೊಂಡು ಹೋಗಿ. ಕೈಬೆರಳು ತೋರಿಸಿ ಬೈಯೋದಕ್ಕಿಂತ ಅದು ಮೇಲು.

ಎಡಿಎಚ್‌ಡಿಗೆ ಮಾತ್ರೆ ಇದೆ, ಕೆಲಸವೂ ಮಾಡುತ್ತೆ. ಆರು ವರ್ಷದೊಳಗಿನ ಮಗುವಿಗೆ ಮೊದಲು ಅಪ್ಪ ಅಮ್ಮನಿಗೆ ತರಬೇತಿ, ಆಮೇಲೆ ಮಾತ್ರೆಯ ಯೋಚನೆ. ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಮಾತ್ರೆ ಹಸಿವು ಕುಗ್ಗಿಸುತ್ತೆ. ಮಧ್ಯಾಹ್ನದ ಬಿಸಿಯೂಟ ತಟ್ಟೆಯಲ್ಲೇ ಉಳಿಯುತ್ತೆ. ಅದಕ್ಕೇ ಬೆಳಗ್ಗೆ ರೊಟ್ಟಿ ತಿನ್ನಿಸಿ ಆಮೇಲೆ ಮಾತ್ರೆ, ಹಸಿವು ವಾಪಸ್ ಬರೋ ಸಂಜೆಗೆ ಗಟ್ಟಿ ಊಟ. ಮಾತ್ರೆಯನ್ನ ಸಂಜೆ ಕೊಟ್ರೆ ನಿದ್ದೆ ಹಾಳು. ತೂಕ, ಎತ್ತರ, ಬಿಪಿ ಬರೆದಿಡಿ. ಡಾಕ್ಟರ್ ಆಟೊಮಾಕ್ಸೆಟಿನ್ ಅನ್ನೋ ಬೇರೆ ಮಾತ್ರೆ ಬರೆದ್ರೆ ನಾಲ್ಕರಿಂದ ಆರು ವಾರ ಕಾಯಬೇಕು, ಹತ್ತು ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಡಬೇಡಿ.

ಇನ್ನೊಂದು. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧಿ, ಅಂದ್ರೆ ಮಾರಾಟಕ್ಕೆ ಬಿಗಿ ನಿಯಮ ಇರೋ ಪಟ್ಟಿಯದ್ದು. ಚೀಟಿ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯವರು ಇಟ್ಕೋತಾರೆ, ಅದನ್ನ ಮಾರೋಕೆ ಅಂಗಡಿಗೆ ಬೇರೆ ಲೈಸೆನ್ಸೂ ಬೇಕು. ಸಕಲೇಶಪುರ, ಮೂಡಿಗೆರೆಯ ಅಂಗಡಿಗಳಲ್ಲಿ ಸಿಗುತ್ತೆ ಅಂತ ನಂಬ್ಕೊಂಡು ಆಸ್ಪತ್ರೆಯಿಂದ ಹೊರಡಬೇಡಿ. ಮುಂದಿನ ತಾರೀಕಿನವರೆಗಿನ ಮಾತ್ರೆ ಎಣಿಸಿ, ಅಲ್ಲೇ ತಗೊಂಡು ಬಸ್ ಹತ್ತಿ.