ಬೆಣ್ಣೆಯಿಂದ ಕೂದಲು ತೆಗೆಯೋನಿಗೆ ಗೋಲಿನ ಲೆಕ್ಕ ಕೇಳ್ತೀರಾ?

ನಮಸ್ಕಾರ, ಡೆಟ್ರಾಯಿಟ್ ಪಕ್ಕದ ನಮ್ಮ ಮನೆ ಬೇಸ್‌ಮೆಂಟಿನಿಂದ. ಹಿಂದೆ ಹೀಟರ್ ಗುರ್ ಅಂತಿದೆ, ಸಹಿಸ್ಕೊಳ್ಳಿ.

ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ಸಾರ್, ನಿಮ್ಮ ಪಾವೆಲ್ ಡಾಟ್ಸ್ಯುಕ್ ಬರೀ ರೀಲ್ಸ್ ಹೀರೋ. ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಟ್ಟು 314 ಗೋಲು. ಓವೆಚ್ಕಿನ್ ಗ್ರೆಟ್ಸ್ಕಿಯ 894 ಗೋಲಿನ ದಾಖಲೆಯನ್ನೇ ಮುರಿದ. ಇವನನ್ನ ಯಾಕಿಷ್ಟು ಮೆರೆಸ್ತೀರಿ?"

ಸ್ವಾಮಿ, ಜನ ಅವನನ್ನ ಮೆಚ್ಚಿದ್ದು ಗೋಲಿಗಲ್ಲ. ಕಳ್ಳತನಕ್ಕೆ!

ನೋಡಿ. ಎದುರಾಳಿ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ತಗೊಂಡು ಓಡ್ತಿದ್ದಾನೆ. ಹಿಂದಿನಿಂದ ಡಾಟ್ಸ್ಯುಕ್ ಬಂದ. ಗುದ್ದಲ್ಲ, ತಳ್ಳಲ್ಲ. ತನ್ನ ಕೋಲಿಂದ ಅವನ ಕೋಲನ್ನ ಸ್ವಲ್ಪ ಎತ್ತಿದ, ಅಷ್ಟೇ. ಪಕ್ ಈ ಕಡೆ ಬಂತು. ಪಾಪ ಆ ಮನುಷ್ಯ ಇನ್ನೂ ಎರಡು ಹೆಜ್ಜೆ ಜಾರ್ಕೊಂಡು ಹೋಗಿ ಆಮೇಲೆ ಕೆಳಗೆ ನೋಡ್ತಾನೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಮಗೆ ಬೆಣ್ಣೆ ಕಳ್ಳನ್ನ ಪೂಜೆ ಮಾಡಿ ಗೊತ್ತಿದೆ, ಇದನ್ನೂ ಬಿಡಿಸಿ ಹೇಳ್ಬೇಕಾ?

ಅತ್ಯುತ್ತಮ ರಕ್ಷಣಾತ್ಮಕ ಫಾರ್ವರ್ಡ್‌ಗೆ ಕೊಡೋ ಸೆಲ್ಕಿ ಟ್ರೋಫಿ 2008, 2009, 2010, ಮೂರು ವರ್ಷವೂ ಅವನದ್ದೇ. ಸಭ್ಯ ಆಟಕ್ಕೆ ಕೊಡೋ ಲೇಡಿ ಬಿಂಗ್ 2006ರಿಂದ 2009ರವರೆಗೆ ಸತತ ನಾಲ್ಕು. ಕದ್ದಿದ್ದಕ್ಕೂ ಪ್ರಶಸ್ತಿ, ಕದಿಯುವಾಗ ಮರ್ಯಾದೆಯಾಗಿದ್ದಿದ್ದಕ್ಕೂ ಪ್ರಶಸ್ತಿ! ಈ ಡಯಲಾಗ್ ಕಾಫಿ ಮಗ್ ಮೇಲೆ ಹಾಕಿಸಿದ್ದೀನಿ, ಲಿಂಕ್ ಕೆಳಗಿದೆ. ಮನೆಯವಳು ಬಿಟ್ರೆ ಯಾರೂ ಕೊಂಡಿಲ್ಲ, ಅವಳೂ ನನ್ನ ಕಾರ್ಡಲ್ಲೇ.

ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ, 1998ರಲ್ಲಿ, ಅವನು 171ನೆಯವನು. ಅದಕ್ಕೂ ಮೊದಲು ಯಾರೂ ಅವನನ್ನ ತಗೊಂಡಿರಲಿಲ್ಲ. ರಷ್ಯಾದ ಯೆಕಟೆರಿನ್‌ಬರ್ಗಿನ ಹುಡುಗ, ಆರಡಿಯೂ ಇಲ್ಲ. ಆಮೇಲೆ 2002, 2008, ಎರಡು ಸ್ಟ್ಯಾನ್ಲಿ ಕಪ್, ಅಂದ್ರೆ ಲೀಗಿನ ಚಾಂಪಿಯನ್ ಪಟ್ಟ. ಲೀಗಿಗೆ ಲೀಗೇ ಕಣ್ಣು ಮುಚ್ಕೊಂಡಿದ್ದಾಗ ಡೆಟ್ರಾಯಿಟ್ ತಂಡದೋರು ಇವನನ್ನೇ ಕದ್ರು ಅನ್ನಿ. ಕಳ್ಳತನ, ಕಳ್ಳತನ!

"2016ರಲ್ಲಿ ಒಂದು ವರ್ಷದ ಕಾಂಟ್ರಾಕ್ಟ್ ಬಾಕಿ ಇರುವಾಗ್ಲೇ ರಷ್ಯಾಕ್ಕೆ ಹೋದ್ನಲ್ಲ?" ಹೋದ. ಮನೆಗೆ ಹೋದ. ನಾನೂ ವರ್ಷಾ ವರ್ಷಾ ಟಿಕೆಟ್ ನೋಡ್ತೀನಿ, ಧೈರ್ಯ ಬರಲ್ಲ. ಅಲ್ಲಿ ಎಸ್‌ಕೆಎ ತಂಡದ ಜೊತೆ 2017ರಲ್ಲಿ ಅಲ್ಲಿನ ಲೀಗಿನ ಗಗಾರಿನ್ ಕಪ್, ಆಮೇಲೆ ರಷ್ಯನ್ನರ ತಂಡದಲ್ಲಿ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಚಿನ್ನ. 2024ರಲ್ಲಿ ಹಾಕಿ ಹಾಲ್ ಆಫ್ ಫೇಮ್. ಅವರೂ ರೀಲ್ಸ್ ನೋಡಿ ಸೇರಿಸ್ಕೊಂಡ್ರಾ?

"ಆದ್ರೆ ಗೋಲು..." ಮತ್ತೆ ಗೋಲು! ಮಗಳ ಶಾಲೆ ಹತ್ರ ಐಸ್ ರಿಂಕ್ ಇದೆ. 2016ರ ನಂತರ ಹುಟ್ಟಿದ ಮಕ್ಕಳು, ಬೆನ್ನ ಮೇಲೆ ಡಾಟ್ಸ್ಯುಕ್‌ನ ನಂಬರ್ 13. ಅವರಪ್ಪಂದಿರು ಬೇಲಿ ಹಿಡ್ಕೊಂಡು ಕಿರುಚೋದು "ಹೊಡಿ" ಅಂತಲ್ಲ, "ಕೋಲು ಎತ್ತು, ಕೋಲು ಎತ್ತು" ಅಂತ. ಯಾಕೆ? ಯಾಕಂದ್ರೆ... ಕದ್ದ ಕಣ್ರೀ! ಚೆನ್ನಾಗಿ ಕದ್ದ! ಇನ್ನೇನು ಹೇಳ್ಲಿ?

ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ. ಇನ್ನೊಂದು ಕಾಮೆಂಟ್ ಇದೆ: "ಫೆಡರೋವ್ ದೊಡ್ಡವನಾ, ಡಾಟ್ಸ್ಯುಕ್ಕಾ?" ಇಬ್ಬರೂ ಡೆಟ್ರಾಯಿಟ್‌ಗೇ ಆಡಿದ ರಷ್ಯನ್ನರು, ಅದಕ್ಕೆ ಉತ್ತರ ಕೊಟ್ರೆ ಈ ಊರಲ್ಲಿ ನನಗೆ ಬಾಡಿಗೆ ಮನೆ ಸಿಗಲ್ಲ. ಹೀಟರ್ ಆಫ್ ಮಾಡ್ತಿದ್ದೀನಿ, ಬರ್ತೀನಿ.